ಕೈಬಿಟ್ಟ ಎರಡನೆಯ ಡೇಟಾಬೇಸ್

ನನ್ನ ಕೆಲಸ ಏನೆಂದು ಮನೆಯವರಿಗೆ ವಿವರಿಸುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಯಾರಾದರೂ ಕೇಳಿದರೆ ಅವ್ವ, "ಡಾಕ್ಟರಿಗೆ ಬೇಕಾದ ಪುಸ್ತಕ ಹುಡುಕಿ ಕೊಡ್ತಾಳ್ರಿ" ಎನ್ನುತ್ತಾಳೆ. ಅದು ತೀರ ತಪ್ಪೇನಲ್ಲ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೊಟ್ಟೂರಿಗೆ ಮರಳಿದ ಮೇಲೆ, ಅಪ್ಪನ ಪೈಪು-ಮೋಟಾರಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ನಾನು ಮಾಡುವುದು ಇಷ್ಟೇ. ಯಾವುದೋ ಊರಿನ ಶಸ್ತ್ರಚಿಕಿತ್ಸಕರು ಒಂದು ಪ್ರಶ್ನೆ ಕಳಿಸುತ್ತಾರೆ. ಆ ಪ್ರಶ್ನೆಯ ಮೇಲೆ ಈವರೆಗೆ ಪ್ರಕಟವಾದ ಪ್ರಯೋಗಗಳನ್ನೆಲ್ಲ ಹುಡುಕಿ ನಾನು ಪಟ್ಟಿ ಮಾಡಿ ಕೊಡುತ್ತೇನೆ. ಅವರು ಓದಿ, ಒಂದರ ಪಕ್ಕ ಒಂದಿಟ್ಟು ತೂಗಿ, ಒಟ್ಟಾರೆ ಏನು ತಿಳಿಯುತ್ತದೆ ಎಂದು ಬರೆಯುತ್ತಾರೆ. ಸಿಸ್ಟಮ್ಯಾಟಿಕ್ ರಿವ್ಯೂ ಎಂದರೆ ಇದು. "ಎಲ್ಲವನ್ನೂ ಹುಡುಕಿದ್ದೇವೆ" ಎಂಬ ಒಂದು ಮಾತಿನ ಮೇಲೆ ಇಡೀ ಬರಹ ನಿಂತಿರುತ್ತದೆ. ಆ ಮಾತಿಗೆ ಹೊಣೆ ಹುಡುಕಿದವಳದು.

ನನ್ನ ಹಳೆಯ ಗೆಳತಿ ಫೋನು ಮಾಡಿದ್ದು ಒಂದು ಬೆಳಿಗ್ಗೆ. ಅವಳದು ಹರಪನಹಳ್ಳಿ. ಪಿಯುಸಿಯ ಎರಡು ವರ್ಷ ಕೊಟ್ಟೂರಿನ ಕಾಲೇಜಿನಲ್ಲಿ ನನ್ನ ಪಕ್ಕ ಕುಳಿತವಳು. ಈಗ ಎರಡು ತಾಸು ದೂರದ ನಗರದ ಮೆಡಿಕಲ್ ಕಾಲೇಜೊಂದರಲ್ಲಿ ಸರ್ಜರಿ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದಳು.

"ಲೇ, ನಿನ್ನ ಕಡೆ ಒಂದು ಕೆಲಸ ಐತಿ. ಆಗಲ್ಲ ಅನ್ನಬ್ಯಾಡ."

"ಹೇಳು."

"ಪೇಪರ್ ಒಂದು ಒಪ್ಪಿಗಿ ಆಗಿ ಅಚ್ಚಿಗೆ ಹೋದ್ರ ಮಾತ್ರ ಪರೀಕ್ಷಾ ಫಾರ್ಮಿಗೆ ಸಹಿ ಅಂದಾರ ನಮ್ಮ ಗೈಡ್ ಸರ್. ಹರ್ನಿಯಾದ ಮ್ಯಾಲ ರಿವ್ಯೂ ಬರಿ ಅಂದ್ರು. ಬರಿಯೂದು ನಾನು, ಹುಡುಕೂದು ನೀನು."

ಪ್ರಶ್ನೆ ನನಗೆ ಹಿಡಿಸಿತು. ತೊಡೆಸಂದಿನ ಹರ್ನಿಯಾಕ್ಕೆ ಆಪರೇಷನ್ ಮಾಡುವಾಗ ಒಳಗೆ ಒಂದು ತೆಳುವಾದ ಬಲೆಯನ್ನು ಇಡುತ್ತಾರೆ. ಅದನ್ನು ಹೊಲಿಗೆ ಹಾಕಿ ಕೂರಿಸಬಹುದು, ಇಲ್ಲವೆ ಅಂಟಿನಿಂದ ಕೂರಿಸಬಹುದು. ಯಾವುದರಿಂದ ಮುಂದೆ ನೋವು ಕಡಿಮೆ, ಯಾವುದರಿಂದ ಹರ್ನಿಯಾ ಮರಳುವ ಭಯ ಕಡಿಮೆ ಎಂಬುದು ಪ್ರಶ್ನೆ. ನಮ್ಮ ಮಾರುಕಟ್ಟೆಯಲ್ಲಿ ಚೀಲ ಹೊರುವವರಲ್ಲಿ ಈ ಆಪರೇಷನ್ ಆದವರು ಒಬ್ಬಿಬ್ಬರಲ್ಲ. ಆದ ಮೇಲೂ ಸೊಂಟಕ್ಕೆ ಕೈಕೊಟ್ಟು ನಿಲ್ಲುವವರನ್ನು ಅಂಗಡಿಯ ಮೇಲಿನ ಕಿಟಕಿಯಿಂದ ನಾನು ದಿನವೂ ನೋಡುತ್ತೇನೆ.

ಎಲ್ಲಿ ಹುಡುಕಬೇಕು ಎಂಬಲ್ಲಿಂದ ತೊಡಕು ಶುರುವಾಯಿತು. ವೈದ್ಯಕೀಯ ಲೇಖನಗಳ ದೊಡ್ಡ ಡೇಟಾಬೇಸ್‌ಗಳು ಕೆಲವಿವೆ. ಮೊದಲನೆಯದು ಅಮೆರಿಕದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ತೆರೆಯಬಹುದು. ಎರಡನೆಯದು ಯುರೋಪಿನದು, ಚಂದಾ ಕಟ್ಟಿದ ಸಂಸ್ಥೆಗಳಲ್ಲಿ ಮಾತ್ರ ತೆರೆಯುತ್ತದೆ. ಮೂರನೆಯದರಲ್ಲಿ ಪ್ರಯೋಗಗಳ ವರದಿಗಳನ್ನಷ್ಟೇ ಕೂಡಿಟ್ಟಿರುತ್ತಾರೆ. ಒಂದರಲ್ಲಿರುವ ಬಹಳಷ್ಟು ಇನ್ನೊಂದರಲ್ಲೂ ಇರುತ್ತದೆ, ಆದರೆ ಪೂರ್ತಿ ಇರುವುದಿಲ್ಲ. ಎರಡನೆಯದರಲ್ಲಿ ಯುರೋಪಿನ ಪತ್ರಿಕೆಗಳು ಹೆಚ್ಚು. ಬಲೆ, ಅಂಟಿನಂಥ ಸಾಧನಗಳ ಮೇಲಿನ ಬರಹಗಳನ್ನು ಅಲ್ಲಿ ಬೇರೆಯಾಗಿ ವಿಂಗಡಿಸಿಯೂ ಇಡುತ್ತಾರೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು.

"ಸರ್ ಹೇಳ್ತಾರ, ಅಮೆರಿಕದ್ದೊಂದು ನೋಡಿದ್ರ ಸಾಕು, ಎಲ್ಲಾ ಅದರಾಗ ಬಂದಿರ್ತೈತಿ ಅಂತ" ಎಂದಳು ಅವಳು.

"ಎಲ್ಲಾ ಬಂದಿರಲ್ಲ."

"ಬಂದಿರಲ್ಲ ಅಂತ ನಿನಗ ಹೆಂಗ ಗೊತ್ತು?"

"ಗೊತ್ತಿಲ್ಲ. ಪರೀಕ್ಷೆ ಮಾಡಿ ನೋಡ್ತೀನಿ."

ಎರಡನೆಯದಕ್ಕೆ ಅವಳ ಕಾಲೇಜು ಚಂದಾ ಕಟ್ಟಿರಲಿಲ್ಲ. ಅದೇ ನಗರದ ಇನ್ನೊಂದು ದೊಡ್ಡ ಸಂಸ್ಥೆಯ ಗ್ರಂಥಾಲಯದಲ್ಲಿ ಅದು ಇತ್ತು, ಆದರೆ ಅಲ್ಲಿ ಕುಳಿತು ನೋಡಲು ಅವಳ ಸರ್ ಒಂದು ಪತ್ರ ಬರೆದುಕೊಡಬೇಕಿತ್ತು. ಸಾಕು ಎಂದವರ ಮುಂದೆ ಹೋಗಿ ಸಾಲದು ಎಂದು ಪತ್ರ ಕೇಳುವ ಧೈರ್ಯ ಅವಳಿಗಿರಲಿಲ್ಲ. ನನಗೂ ಅದು ಅರ್ಥವಾಗುತ್ತಿತ್ತು.

ಪರೀಕ್ಷೆ ಮಾಡುವ ಒಂದು ವಿಧಾನವಿದೆ. ವಿಷಯಕ್ಕೆ ಸೇರಿದ್ದೆಂದು ಮೊದಲೇ ಗೊತ್ತಿರುವ ಕೆಲವು ಲೇಖನಗಳನ್ನು ತೆಗೆದುಕೊಂಡು, ಒಂದೊಂದು ಡೇಟಾಬೇಸಿನಲ್ಲೂ ಅವು ಸಿಗುತ್ತವೆಯೇ ಎಂದು ನೋಡುವುದು. ಎಲ್ಲವೂ ಸಿಕ್ಕರೆ ಆ ಡೇಟಾಬೇಸನ್ನು ನಂಬಬಹುದು. ನಾನು ಲೇಖನಗಳನ್ನು ಕೇಳಿದೆ. ಅವಳು ಹನ್ನೆರಡು ಕಳಿಸಿದಳು.

ಅವನ್ನು ಎಲ್ಲಿಂದ ತಂದೆ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಒಮ್ಮೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ನಮ್ಮ ಕಡೆ, ಒಬ್ಬರು ಕೈಗೆ ಕೊಟ್ಟದ್ದನ್ನು ಹಿಡಿದುಕೊಂಡು ಇದನ್ನು ಎಲ್ಲಿಂದ ತಂದಿರಿ ಎಂದು ಕೇಳಿದರೆ ಕೊಟ್ಟವರ ಮೇಲೆ ನಂಬಿಕೆಯಿಲ್ಲ ಎಂದೇ ಅರ್ಥ. ತರಕಾರಿ ಕೊಟ್ಟ ಪಕ್ಕದ ಮನೆಯವರನ್ನೂ ಹಾಗೆ ಕೇಳುವುದಿಲ್ಲ. ಇನ್ನು ಈ ಪಟ್ಟಿಯ ಹಿಂದೆ ಅವಳ ಸರ್ ಇದ್ದರು.

ಹನ್ನೆರಡಕ್ಕೆ ಹನ್ನೆರಡೂ ಮೊದಲನೆಯದರಲ್ಲಿ ಸಿಕ್ಕವು. ಆ ಮಧ್ಯಾಹ್ನ ನನಗಾದ ಸಮಾಧಾನ ಚೆನ್ನಾಗಿ ನೆನಪಿದೆ. ಸರ್ ಸಾಕು ಎಂದದ್ದಕ್ಕೆ ತಲೆ ಆಡಿಸದೆ, ನನ್ನದೇ ವಿಧಾನದಿಂದ ಅದೇ ಉತ್ತರಕ್ಕೆ ಬಂದಿದ್ದೆನೆಂಬ ಹೆಮ್ಮೆಯೂ ಇತ್ತು. ಮೊದಲನೆಯದು ಮತ್ತು ಮೂರನೆಯದನ್ನು ಇಟ್ಟುಕೊಂಡು, ಎರಡನೆಯದನ್ನು ಕೈಬಿಟ್ಟೆ. ವಿಧಾನದ ಭಾಗದಲ್ಲಿ ನಾನೇ ಒಂದು ವಾಕ್ಯ ಸೇರಿಸಿದೆ. ಗೊತ್ತಿರುವ ಲೇಖನಗಳ ಮೂಲಕ ಪರೀಕ್ಷಿಸಿ, ಈ ಡೇಟಾಬೇಸ್‌ಗಳು ಸಾಕೆಂದು ಖಚಿತಪಡಿಸಿಕೊಳ್ಳಲಾಗಿದೆ ಎಂಬ ವಾಕ್ಯ.

ಆಮೇಲೆ ಕೆಲಸ ಸುಗಮವಾಗಿ ನಡೆಯಿತು. ಸಿಕ್ಕ ಲೇಖನಗಳ ಶೀರ್ಷಿಕೆ, ಸಾರಾಂಶಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಓದಿ, ಬೇಕಾದವನ್ನು ಉಳಿಸಿ ಬೇಡವಾದವನ್ನು ಬಿಟ್ಟೆವು. ಅವಳು ಬರೆದಳು, ಸರ್ ತಿದ್ದಿದರು. ಅಂಟು ಹಚ್ಚುವುದೇ ಮೇಲು ಎಂದು ಕೊನೆಯ ಸಾಲು ಬಂತು. ಪತ್ರಿಕೆ ಒಪ್ಪಿಕೊಂಡಿತು. ಆ ಭಾನುವಾರ ಅವಳು ಹರಪನಹಳ್ಳಿಯಿಂದ ಬಸ್ಸು ಹತ್ತಿ ಬಂದು, ನಮ್ಮ ಅಡುಗೆಮನೆಯಲ್ಲಿ ಕುಳಿತು ಅವ್ವ ಕರಿದ ಮಿರ್ಚಿಯನ್ನು ಬಿಸಿಬಿಸಿಯಾಗಿ ತಿಂದಳು.

"ನಿಮ್ಮ ಮಗಳ ಕೈ ಚಲೋ ಐತ್ರಿ ಅಮ್ಮಾ. ಮುಟ್ಟಿದ್ದೆಲ್ಲ ಪಾಸು."

"ಹಂಗಂದ್ರ ಅಕಿಗೊಂದು ವರ ನೋಡ್ರಿ ಡಾಕ್ಟರಮ್ಮ" ಎಂದಳು ಅವ್ವ.

ವರವನ್ನು ಆಗಲೇ ನೋಡುತ್ತಿದ್ದರು. ಹಡಗಲಿ ಕಡೆಯ ಸಂಬಂಧ. ಅಪ್ಪ ಮತ್ತು ಚಿಕ್ಕಪ್ಪ ಹುಡುಗನ ಮನೆತನದ ಬಗ್ಗೆ ವಿಚಾರಿಸಿಕೊಂಡು ಬರಲು ಒಂದು ದಿನ ಅಂಗಡಿ ಮುಚ್ಚಿ ಹೋದರು. ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಮಾತು ನಡೆದಿತ್ತು. ಅಜ್ಜಿ ಮೊರದ ಮುಂದೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಚಹಾ ತಂದಿಟ್ಟು ಒಳಗೆ ಹೋಗದೆ ಬಾಗಿಲ ಬಳಿ ನಿಂತೆ, ಮಾತು ನನ್ನದೇ ಆಗಿತ್ತಲ್ಲ.

"ಯಾರನ್ನ ಕೇಳಿದ್ರಪಾ?" ಅಜ್ಜಿ ತಲೆ ಎತ್ತಲಿಲ್ಲ.

"ಹಡಗಲ್ಯಾಗ ಎರಡು ಮನಿ, ಹಗರಿಬೊಮ್ಮನಹಳ್ಳ್ಯಾಗ ಒಂದು" ಎಂದ ಅಪ್ಪ. "ಮೂರೂ ಕಡೆ ಭಾಳ ಚಲೋ ಮಂದಿ ಅಂದ್ರು."

"ಆ ಮನಿಗಳು ನಿಮಗ ಹೆಂಗ ಗೊತ್ತಾದ್ವು?"

"ಹುಡುಗನ ಸ್ವಾದರಮಾವನ ಹೇಳಿದ್ನವ್ವ. ಇಂಥಿಂಥವರನ್ನ ಕೇಳ್ರಿ, ನಮ್ಮನ್ನ ಬಲ್ಲವರು ಅಂತ."

ಅಜ್ಜಿ ಒಂದು ಕಾಯಿ ಒಡೆದು ಕಾಳನ್ನು ಮೊರಕ್ಕೆ ಹಾಕಿದಳು. "ಮತ್ತ ಬಿಸಿಲಾಗ ಅಷ್ಟು ದೂರ ಯಾಕ ಹೋದ್ರಿ? ಆ ಮಾವನ್ನ ಕೇಳಿದ್ರ ಅವನ ಹೇಳ್ತಿದ್ನಲ್ಲ."

ಚಿಕ್ಕಪ್ಪ ನಕ್ಕುಬಿಟ್ಟ. ಅಪ್ಪ ನಗಲಿಲ್ಲ. "ಮಂದಿ ಮ್ಯಾಲ ಹಿಂಗ ಸಂಶೇ ಪಡಬಾರದವ್ವ."

"ಸಂಶೇ ಎಲ್ಲಿ ಬಂತು? ಅವರು ತೋರಿಸಿದ ಮನಿಯಾಗ ಅವರ ಸುದ್ದಿ ಕೇಳಿ ಬಂದೀರಿ. ಅದಕ್ಕ ವಿಚಾರಿಸೂದು ಅಂತಾರೇನು?"

ಆ ಸಂಬಂಧ ಮುಂದೇನಾಯಿತು ಎಂಬುದು ನನ್ನ ಮಾತು, ಅದನ್ನು ಇಲ್ಲಿಗೆ ಬಿಡುತ್ತೇನೆ. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಬೇರೆಯೇ. ಮೆಟ್ಟಿಲು ಹತ್ತಿ ಕೋಣೆಗೆ ಹೋಗಿ ಆ ಹನ್ನೆರಡು ಲೇಖನಗಳ ಕಡತ ತೆರೆದೆ. ಆಮೇಲೆ ಗೆಳತಿಗೆ ಫೋನು ಮಾಡಿದೆ.

"ನೀ ಕಳಿಸಿದ ಹನ್ನೆರಡು ಲೇಖನ ಇದ್ವಲ್ಲ, ಅವು ನಿನಗ ಎಲ್ಲಿ ಸಿಕ್ಕಿದ್ವು?"

"ಸರ್ ಪೆನ್‌ಡ್ರೈವಿನ್ಯಾಗ. ಯಾಕ?"

"ಸರ್ ಎಲ್ಲಿಂದ ತಗೋತಾರ?"

"ಅಮೆರಿಕದ್ದು ಬಿಟ್ಟು ಬ್ಯಾರೆ ಯಾವುದನ್ನರ ತೆರದು ನೋಡ್ಯಾರಾ ಅವರು? ಅದರಾಗಿಂದನ. ಯಾಕ ಕೇಳ್ತಿ?"

"ಏನಿಲ್ಲ" ಎಂದು ಫೋನಿಟ್ಟೆ.

ಮೊದಲನೆಯ ಡೇಟಾಬೇಸಿನಿಂದ ತೆಗೆದ ಹನ್ನೆರಡನ್ನು ಅದೇ ಡೇಟಾಬೇಸಿನಲ್ಲಿ ಹುಡುಕಿ, ಎಲ್ಲವೂ ಸಿಕ್ಕವು ಎಂದು ನಾನು ಬರೆದಿದ್ದೆ. ಸಿಗದೆ ಇರಲು ದಾರಿಯೇ ಇರಲಿಲ್ಲ. ಅದು ಪರೀಕ್ಷೆಯೇ ಆಗಿರಲಿಲ್ಲ.

"ಏನಿಲ್ಲ" ಎಂದ ಮೇಲೆ ನಾನು ನಾಲ್ಕು ದಿನ ಸುಮ್ಮನಿದ್ದೆ. ಅದನ್ನೂ ಬರೆಯಬೇಕು. ಅಚ್ಚಿಗೆ ಮುಂಚಿನ ಕೊನೆಯ ಕರಡು ಬಂದಿತ್ತು, ತಿದ್ದುಪಡಿ ಇದ್ದರೆ ವಾರದೊಳಗೆ ತಿಳಿಸಬೇಕಿತ್ತು. ಅವಳ ಪರೀಕ್ಷಾ ಫಾರ್ಮಿನ ಕೊನೆಯ ದಿನ ಮುಂದಿನ ತಿಂಗಳ ಮೊದಲಲ್ಲಿತ್ತು. ಪತ್ರಿಕೆಯಿಂದ ಬರಹವನ್ನು ತಡೆದರೆ ಫಾರ್ಮಿಗೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಇನ್ನು ಆರು ತಿಂಗಳು ಕಾಯಬೇಕು. ಅವಳಪ್ಪ ಹರಪನಹಳ್ಳಿಯಲ್ಲಿ ಕಂಡವರಿಗೆಲ್ಲ ಮಗಳು ಈ ಸಲ ಪೂರ್ತಿ ಡಾಕ್ಟರಾಗುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದುದು ನನಗೆ ಗೊತ್ತಿತ್ತು.

ಎರಡನೆಯ ದಿನ ನಾನು ಆ ವಾಕ್ಯವನ್ನು ಕರಡಿನಿಂದ ತೆಗೆದುಹಾಕಿ ನೋಡಿದೆ. ಎರಡು ಡೇಟಾಬೇಸ್‌ಗಳಲ್ಲಿ ಹುಡುಕಲಾಗಿದೆ ಎಂದಷ್ಟೇ ಉಳಿಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಎರಡನೆಯದರಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ, ಏನೂ ಇರದಿರಬಹುದಿತ್ತು. ಏನೋ ತಪ್ಪಾಗಿದೆ ಎಂದು ಗೊತ್ತಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ. ಆಗಿದೆಯೋ ಇಲ್ಲವೋ ತಿಳಿಯದೆ ಸರಿಯಾಗಿದೆ ಎಂದು ಬರೆದಿದ್ದೆ. ಆ ವಾಕ್ಯವನ್ನು ಇದ್ದಲ್ಲಿಯೇ ಮತ್ತೆ ಹಾಕಿ ಲ್ಯಾಪ್‌ಟಾಪ್ ಮುಚ್ಚಿದೆ.

ಭಾನುವಾರ ಹರಪನಹಳ್ಳಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅವಳಮ್ಮ ಊಟಕ್ಕೆ ಬಡಿಸಿ, ಇನ್ನೊಂದು ರೊಟ್ಟಿ ಹಾಕಿ, ಮದುವೆಯ ವಿಷಯ ಕೇಳಿ, ಕೊನೆಗೆ ನಮ್ಮಿಬ್ಬರನ್ನು ಬಿಟ್ಟಾಗ ಮಧ್ಯಾಹ್ನ ಮೂರು ದಾಟಿತ್ತು. ನಾವು ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಳಿತೆವು. ನಾನು ಪಟ್ಟಿಯ ವಿಷಯ ಹೇಳಿದೆ. ಅವಳಿಗೆ ಎರಡು ಸಲ ಹೇಳಬೇಕಾಗಲಿಲ್ಲ.

"ಅಂದ್ರ ನಮ್ಮ ಉತ್ತರ ತಪ್ಪೈತಾ?"

"ಗೊತ್ತಿಲ್ಲ. ಸರಿ ಇರಬಹುದು."

"ಮತ್ತೇನು?"

"ಸರಿ ಐತಿ ಅಂತ ಹೇಳಾಕ ನಮ್ಮ ಹತ್ರ ಆಧಾರ ಇಲ್ಲ."

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇದು ನಿನಗ ಗೊತ್ತು, ನನಗ ಗೊತ್ತು. ಬ್ಯಾರೆ ಯಾರಿಗೆ ಗೊತ್ತಾಗ್ತೈತಿ?"

ನಾನು ಬ್ಯಾಗಿನಿಂದ ಆ ಹನ್ನೆರಡರ ಪಟ್ಟಿಯನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ.

"ಮಾತಾಡಲೇ. ಯಾವಾಗಲೂ ಹಿಂಗ, ಸುಮ್ಮನ ಕುಂತು ಕುಂತು ಹೇಳೂದನ್ನ ನನ್ನ ಬಾಯಿಲೆ ಹೇಳಸ್ತಿ. ಪಿಯುಸಿಯಾಗಿಂದ ನೋಡೀನಿ ನಿನ್ನ. ನಿನಗೇನು, ಕೋಣ್ಯಾಗ ಕುಂತು ಹುಡುಕ್ತಿ, ಪರೀಕ್ಷಿ ಬರಿಯಾಕಿ ನಾನು."

"ಹೌದು."

"ಹೌದಂತ. ನಿನ್ನ ಹೌದು ತಗೊಂಡು ಏನು ಮಾಡ್ಲಿ?"

ಕೆಳಗೆ ಯಾರದೋ ಬೈಕು ಚಾಲೂ ಆಗಿ ನಿಂತಿತು, ಮತ್ತೆ ಚಾಲೂ ಆಯಿತು. ನಾನು ಅವಳನ್ನು ಒಂದೇ ಒಂದು ಮಾತು ಕೇಳಿದೆ, ಬೇಕೆಂದು ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು.

"ನಿಮ್ಮ ಕಾಲೇಜಿನ್ಯಾಗ ಈಗ ಹೊಲಿಗಿನೋ ಅಂಟೋ?"

"ಈಗ ಹೊಲಿಗಿ. ಮುಂದಿನ ತಿಂಗಳಿಂದ ಎಲ್ಲಾರಿಗೂ ಅಂಟ ಹಚ್ಚೂಣು ಅಂದಾರ ಸರ್. ನಮ್ಮ ಪೇಪರ..." ಅಷ್ಟು ಹೇಳಿ ಅವಳು ನಿಲ್ಲಿಸಿದಳು.

ಅವಳು ಆ ವಾರ್ಡಿನಲ್ಲಿ ಮೂರು ವರ್ಷ ಕಳೆದವಳು. ಆಪರೇಷನ್ ಆದವರನ್ನು ಹಿಡಿದು ಎಬ್ಬಿಸಿ ನಡೆಸಿದವಳು, ವರ್ಷದ ಮೇಲೆ ನೋವೆಂದು ಮರಳಿ ಬಂದವರನ್ನು ನೋಡಿದವಳು. ನನಗೆ ಅವರೆಲ್ಲ ಕಿಟಕಿಯಿಂದ ಕಂಡವರು. ಅವಳು ಎದ್ದು ಮಾಳಿಗೆಯ ಗೋಡೆಯ ತನಕ ಹೋಗಿ, ನನಗೆ ಬೆನ್ನು ಮಾಡಿ ನಿಂತಳು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಎದ್ದು ಹತ್ತಿರ ಹೋಗಲಿಲ್ಲ. ಹೋಗಬೇಕಿತ್ತೇನೋ.

"ನಮ್ಮಪ್ಪಗ ನೀನ ಹೇಳು ಹಂಗಾದ್ರ" ಎಂದಳು ಆ ಕಡೆಗೇ ಮುಖ ಮಾಡಿ.

"ಹೇಳ್ತೀನಿ."

"ಬ್ಯಾಡ. ನಾನ ಹೇಳ್ತೀನಿ. ನಿನಗ ಐದರ ಬಸ್ಸೈತಿ, ನಡಿ."

ಬಸ್‌ಸ್ಟ್ಯಾಂಡಿಗೆ ಕಳಿಸಲು ಅವಳು ಬರಲಿಲ್ಲ. ಎಂದೂ ಹಾಗಾಗಿರಲಿಲ್ಲ.

ಪತ್ರಿಕೆಗೆ ಕಾಗದವನ್ನು ನಾನೇ ಬರೆದೆ. ಹುಡುಕಾಟ ನನ್ನದು, ಡೇಟಾಬೇಸ್‌ಗಳ ಆಯ್ಕೆ ನನ್ನದು, ಪರೀಕ್ಷಿಸಿದ ರೀತಿ ತಪ್ಪು, ಮತ್ತೆ ಹುಡುಕುವ ತನಕ ಪ್ರಕಟಣೆ ನಿಲ್ಲಿಸಬೇಕು ಎಂದು. ಕಳಿಸುವ ಮುಂಚೆ ಅವಳಿಗೂ ಅವಳ ಸರ್‌ಗೂ ತೋರಿಸಿದೆ. ಅವಳು "ಸರಿ" ಎಂಬ ಒಂದೇ ಪದ ಬರೆದು ಕಳಿಸಿದಳು. ಸರ್ ಫೋನು ಮಾಡಿದರು. ಅವರೊಡನೆ ನಾನು ಅದುವರೆಗೆ ಮಾತಾಡಿರಲಿಲ್ಲ.

"ಪರೀಕ್ಷೆ ಮಾಡಿದ್ದೀನಿ ಅಂತ ನೀವೇ ಬರೆದಿದ್ರಲ್ಲಮ್ಮ?"

"ಬರೆದಿದ್ದೆ ಸರ್."

"ಈಗ ಅಲ್ಲ ಅಂತೀರಿ."

"ಹೌದು ಸರ್. ಪಟ್ಟಿ ಎಲ್ಲಿಂದ ಬಂತು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ."

ಒಂದೇ ಸಾಕು ಎಂದವರು ಅವರೇ ಎಂಬುದನ್ನು ನಾನು ನೆನಪಿಸಲಿಲ್ಲ, ಅವರೂ ಎತ್ತಲಿಲ್ಲ. "ಲೈಬ್ರರಿಗೆ ಪತ್ರ ಕೊಡ್ತೀನಿ, ಹೋಗಿ ನೋಡ್ರಿ" ಎಂದರು. ಇಡುವ ಮುಂಚೆ, "ಆ ಹುಡುಗಿಗೆ ಆರು ತಿಂಗಳು ಹೋಯ್ತು ನೋಡ್ರಿ" ಎಂದರು. ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆತ್ತಗೆ ಹೇಳಿದರು.

ಪತ್ರ ಸಿಕ್ಕ ವಾರವೇ ಫಾರ್ಮಿನ ಕೊನೆಯ ದಿನ ಕಳೆದುಹೋಯಿತು. ಆ ದಿನ ನಾನು ಅವಳಿಗೆ ಏನನ್ನೂ ಬರೆದು ಕಳಿಸಲಿಲ್ಲ. ಏನು ಬರೆದರೂ ಸುಳ್ಳೆನ್ನಿಸುತ್ತಿತ್ತು.

ದೊಡ್ಡ ಸಂಸ್ಥೆಯ ಗ್ರಂಥಾಲಯಕ್ಕೆ ನಾನು ಬೆಳಿಗ್ಗೆಯೇ ಹೋಗಿ ಕುಳಿತೆ. ಎರಡನೆಯದರಲ್ಲಿ ವಿಷಯಗಳನ್ನು ವಿಂಗಡಿಸುವ ರೀತಿ ಬೇರೆ, ಆದ್ದರಿಂದ ಮೊದಲನೆಯದಕ್ಕೆ ಬರೆದ ಹುಡುಕಾಟವನ್ನು ಹಾಗೆಯೇ ತಂದು ಹಾಕಲು ಬರುವುದಿಲ್ಲ. ಬಲೆ, ಅಂಟು, ಹೊಲಿಗೆ ಒಂದೊಂದಕ್ಕೂ ಅಲ್ಲಿ ಯಾವ ಶೀರ್ಷಿಕೆ ಎಂದು ನೋಡಿ ಹೊಸದಾಗಿ ಕಟ್ಟಿದೆ. ಈ ಸಲ ಪರೀಕ್ಷೆಗೆ ಲೇಖನಗಳನ್ನು ಯಾರಿಂದಲೂ ಕೇಳಿ ಪಡೆಯಲಿಲ್ಲ. ಹಳೆಯ ರಿವ್ಯೂಗಳ ಕೊನೆಯಲ್ಲಿರುವ ಉಲ್ಲೇಖಗಳಿಂದ ಒಂದೊಂದಾಗಿ ಆರಿಸಿ, ಪ್ರತಿಯೊಂದರ ಮುಂದೆ ಅದು ಎಲ್ಲಿಂದ ಬಂತು ಎಂದು ಬರೆದುಕೊಂಡೆ. ಕೆಲವು ಮೊದಲನೆಯದರಲ್ಲಿ ಇರಲೇ ಇಲ್ಲ. ಹುಡುಕಿ ಮುಗಿಸಿ, ನಮ್ಮ ಹತ್ತಿರ ಆಗಲೇ ಇದ್ದವನ್ನು ತೆಗೆದುಹಾಕಿದ ಮೇಲೆ ತೆರೆಯ ಮೇಲೆ ಉಳಿದ ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದೆ. ಅದು ಬೇಗ ಮುಗಿಯಲಿಲ್ಲ.

ಹನ್ನೆರಡರ ಹೊತ್ತಿಗೆ ಅವಳು ಬಂದಳು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು, ಕಣ್ಣು ಕೆಂಪಗಿದ್ದವು. ಬರುತ್ತಾಳೆಂದು ನನಗೆ ಖಾತ್ರಿ ಇರಲಿಲ್ಲ. ಪಕ್ಕದ ಕುರ್ಚಿ ಎಳೆದು ಕುಳಿತು ತೆರೆಯನ್ನು ನೋಡಿದಳು.

"ಇವಿಷ್ಟೂ ಹೊಸವಾ?"

"ಹೌದು. ಎಲ್ಲಾ ಬೇಕಾಗಿರಲ್ಲ. ಓದಿ ನೋಡಬೇಕು."

"ನನಗಿನ್ನೂ ಸಿಟ್ಟು ಹೋಗಿಲ್ಲ."

"ಗೊತ್ತೈತಿ."

"ಗೊತ್ತಿದ್ರ ಸರಿ. ನನ್ನ ಪ್ರತಿ ಕೊಡು."

ಪಟ್ಟಿಯ ಎರಡು ಪ್ರತಿ ತೆಗೆಸಿದ್ದೆ. ಒಬ್ಬರು ಏನು ಉಳಿಸಿದರು, ಏನು ಬಿಟ್ಟರು ಎಂಬುದು ಇನ್ನೊಬ್ಬರಿಗೆ ತಿಳಿಯಬಾರದು. ಅವಳು ಮೇಜಿನ ಆ ತುದಿಗೆ ಹೋದಳು. ನಾಲ್ಕರವರೆಗೆ ನಾವಿಬ್ಬರೂ ತಲೆ ಎತ್ತದೆ ಓದಿದೆವು. ನಡುವೆ ಒಮ್ಮೆ ಅವಳು ತನ್ನ ನೀರಿನ ಬಾಟಲಿಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದಳು, ನಾನು ಕುಡಿದು ಹಿಂದಕ್ಕೆ ತಳ್ಳಿದೆ.

ಆಮೇಲೆ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಕುಳಿತೆವು. ಅಂಟು ಮೇಲೆಂಬ ನಮ್ಮ ಸಾಲು ಇನ್ನು ಹಾಗೆಯೇ ಉಳಿಯುತ್ತದೋ ಇಲ್ಲವೋ ಎಂಬುದು ಆ ದಿನಕ್ಕೆ ತಿಳಿಯುವಂತಿರಲಿಲ್ಲ. ಮೊದಲ ಹಾಳೆಯಲ್ಲಿ ಇಬ್ಬರದೂ ಹೊಂದಿತು. ಎರಡನೆಯದರ ನಡುವೆ ಅವಳು ಬೆರಳಿಟ್ಟು ನಿಲ್ಲಿಸಿದಳು.

"ಇದನ್ನ ಯಾಕ ಬಿಟ್ಟಿ?"

ನಾನು ಸಾರಾಂಶವನ್ನು ಮತ್ತೆ ಓದಿದೆ. ಬೇರೆ ಬಗೆಯ ಹರ್ನಿಯಾ ಎಂದುಕೊಂಡು ಬಿಟ್ಟಿದ್ದೆ. ಕೊನೆಯ ಸಾಲಿನಲ್ಲಿ ತೊಡೆಸಂದಿನದೂ ಸೇರಿತ್ತು. ಅವಳದೇ ಸರಿ.

"ನೋಡಿರಲಿಲ್ಲ. ತಪ್ಪಾತು."

"ಬರ್ಕೋ" ಎಂದಳು. ನಾನು ಬರೆದುಕೊಳ್ಳುವ ತನಕ ಕಾದು, ಬೆರಳನ್ನು ಮುಂದಿನ ಸಾಲಿಗೆ ಇಳಿಸಿದಳು.